ಹಳೆಯ ಯುದ್ಧನೌಕೆಯ ಧೂಳು 40 ವರ್ಷದ ನಂತರವೂ ಕಾಯಿಲೆ ತರುತ್ತದೆಯೇ?

ಸಮುದ್ರದ ಗಾಳಿ ಶುದ್ಧ, ಹಡಗಿನಲ್ಲಿ ಕೆಲಸ ಮಾಡಿದವರ ಎದೆ ಗಟ್ಟಿ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಡೆಕ್ ಮೇಲೆ ನಿಂತವರಿಗೆ ಅದು ಸರಿಯಿರಬಹುದು. ಆದರೆ ಯುದ್ಧನೌಕೆಯಲ್ಲಿ ಬಹಳ ಜನ ಇರುವುದು ಡೆಕ್ ಕೆಳಗೆ, ಕಿಟಕಿಯಿಲ್ಲದ ಕೋಣೆಗಳಲ್ಲಿ. ಹಳೆಯ ಹಡಗುಗಳಲ್ಲಿ ಅಲ್ಲಿನ ಗಾಳಿಯ ಕಥೆಯೇ ಬೇರೆ.

ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಎಲ್ಮೊ ಜುಮ್ವಾಲ್ಟ್ ನಿವೃತ್ತರಾದದ್ದು 1974ರಲ್ಲಿ. ಅವರು ತೀರಿಕೊಂಡದ್ದು 2000ದ ಜನವರಿಯಲ್ಲಿ, ಮೆಸೋಥೆಲಿಯೋಮಾ ಎಂಬ ಕ್ಯಾನ್ಸರ್‌ನಿಂದ. ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಗೆ ಬರುವ ಈ ಅಪರೂಪದ ಕಾಯಿಲೆಗೆ ಮುಖ್ಯ ಕಾರಣ ಆಸ್‌ಬೆಸ್ಟಾಸ್, ಅಂದರೆ ನಾವು ಶಾಲೆಯಲ್ಲಿ ಓದಿದ ಕಲ್ನಾರು.

ಹಡಗಿನಲ್ಲಿ ಕಲ್ನಾರು ಏಕಿತ್ತು? ಆಗಿನ ದೊಡ್ಡ ಯುದ್ಧನೌಕೆಗಳು ಓಡುತ್ತಿದ್ದದ್ದು ಹಬೆಯಿಂದ. ಬಾಯ್ಲರ್‌ನಿಂದ ಟರ್ಬೈನ್‌ಗೆ ಹೋಗುವ ಹಬೆಯ ಬಿಸಿ ಅನೇಕ ಹಡಗುಗಳಲ್ಲಿ 400 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಆ ಕೊಳವೆಗಳಿಗೆ ಹೊದಿಕೆ ಇಲ್ಲದಿದ್ದರೆ ಎಂಜಿನ್ ರೂಮಿನಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಕಲ್ನಾರು ಸುಡುವುದಿಲ್ಲ, ಶಾಖ ಬಿಡುವುದಿಲ್ಲ, ಅಗ್ಗ, ಬಟ್ಟೆಯಂತೆ ನೇಯಬಹುದು, ಗಾರೆಯಂತೆ ಮೆತ್ತಬಹುದು. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲವಾದ್ದರಿಂದ ಕೊಳವೆ, ಬಾಯ್ಲರ್, ಗೋಡೆ, ಗ್ಯಾಸ್ಕೆಟ್ ಎಲ್ಲಕ್ಕೂ ಇದೇ ಬಂತು.

ಹೊದಿಕೆ ಗಟ್ಟಿಯಾಗಿರುವವರೆಗೆ ಅಪಾಯ ಕಡಿಮೆ. ಆದರೆ ಕೊಳವೆ ಸೋರಿದರೆ ನಡುಸಮುದ್ರದಲ್ಲಿ ಮೆಕ್ಯಾನಿಕ್‌ಗೆ ಕಾಯುವಂತಿಲ್ಲ. ನಾವಿಕನೇ ಸುತ್ತಿಗೆಯಿಂದ ಹಳೆಯ ಹೊದಿಕೆ ಒಡೆದು, ರಿಪೇರಿ ಮಾಡಿ, ಒಣ ಪುಡಿಗೆ ನೀರು ಕಲಸಿ ಮತ್ತೆ ಮೆತ್ತುತ್ತಿದ್ದ. ಎದ್ದ ಧೂಳು ಹೊರಗೆ ಹೋಗಲು ದಾರಿಯಿಲ್ಲ. ಎಂಜಿನ್ ನಡುಗಿದಾಗ, ಫಿರಂಗಿ ಹಾರಿಸಿದಾಗ ಬಿರುಕು ಬಿಟ್ಟ ಹೊದಿಕೆಯಿಂದ ಮತ್ತಷ್ಟು ಪುಡಿ ಉದುರುತ್ತಿತ್ತು. ಎಷ್ಟೋ ಜನರ ಮಲಗುವ ಬಂಕ್ ಇದ್ದದ್ದೂ ಇಂಥ ಕೊಳವೆಗಳ ಕೆಳಗೇ. ಬ್ರಿಟನ್ನಿನ ಡೆವನ್‌ಪೋರ್ಟ್ ನೌಕಾ ಹಡಗುಕಟ್ಟೆಯ ಬಗ್ಗೆ ಡಾ. ಫಿಲಿಪ್ ಹ್ಯಾರಿಸ್ 1968ರಲ್ಲಿ ಬರೆದಾಗ ಗೊತ್ತಾದದ್ದು ಇದೇ: ಕಲ್ನಾರು ಸುತ್ತುವವರಿಗೆ ಮಾತ್ರವಲ್ಲ, ಪಕ್ಕದಲ್ಲಿ ಬೇರೆ ಕೆಲಸ ಮಾಡುತ್ತಿದ್ದವರಿಗೂ ಅಪಾಯವಿತ್ತು. ಧೂಳಿನ ಬಟ್ಟೆ ಒಗೆದ ಹೆಂಡತಿಯರಿಗೂ ಈ ಕಾಯಿಲೆ ಬಂದ ದಾಖಲೆಗಳಿವೆ.

ಈ ಎಳೆಗಳು ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣವು, ಕಣ್ಣಿಗೆ ಕಾಣುವುದಿಲ್ಲ, ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಶ್ವಾಸಕೋಶದ ಆಳಕ್ಕೆ ಹೋದ ಸಾಮಾನ್ಯ ಧೂಳನ್ನು ದೇಹದ ರಕ್ಷಕ ಕೋಶಗಳು ನುಂಗಿ ಹಾಕುತ್ತವೆ. ಉದ್ದನೆಯ ಕಲ್ನಾರಿನ ಎಳೆ ಅವುಗಳ ಬಾಯಿಗೆ ಹಿಡಿಸುವುದಿಲ್ಲ. ಎಳೆ ಅಲ್ಲೇ ಉಳಿಯುತ್ತದೆ, ಸುತ್ತಲಿನ ಉರಿಯೂತ ವರ್ಷಗಟ್ಟಲೆ ನಡೆಯುತ್ತದೆ. ಇದರಿಂದ ಶ್ವಾಸಕೋಶ ಗಟ್ಟಿಯಾಗುವ ಆಸ್‌ಬೆಸ್ಟೋಸಿಸ್ ಬರಬಹುದು, ಶ್ವಾಸಕೋಶದ ಕ್ಯಾನ್ಸರ್ ಬರಬಹುದು, ಮೆಸೋಥೆಲಿಯೋಮಾ ಬರಬಹುದು. ಮೆಸೋಥೆಲಿಯೋಮಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. 20ನೇ ವಯಸ್ಸಿನಲ್ಲಿ ಎಳೆದುಕೊಂಡ ಧೂಳು 65ರಲ್ಲಿ ಉಸಿರು ಕಟ್ಟಿಸಿದರೆ ಎರಡಕ್ಕೂ ನಂಟು ಕಟ್ಟುವವರು ಯಾರು?

ಈ ತಡವೇ ನಾವಿಕರಿಗೆ ನ್ಯಾಯದಲ್ಲೂ ಪೆಟ್ಟು ಕೊಟ್ಟಿತು. ಬ್ರಿಟನ್ನಿನ ಕಾನೂನಿನಂತೆ 1987ಕ್ಕಿಂತ ಮೊದಲು ಸೇವೆಯಲ್ಲಿ ಆದ ಹಾನಿಗೆ ಸೈನಿಕ ಸರ್ಕಾರದ ಮೇಲೆ ದಾವೆ ಹೂಡುವಂತಿರಲಿಲ್ಲ. ಅದೇ ಹಡಗಿನಲ್ಲಿ, ಅದೇ ಧೂಳಿನಲ್ಲಿ ನಿಂತ ಹಡಗುಕಟ್ಟೆಯ ನಾಗರಿಕ ನೌಕರನಿಗೆ ಪರಿಹಾರ ಕೇಳುವ ಹಕ್ಕಿತ್ತು, ಸಮವಸ್ತ್ರದಲ್ಲಿದ್ದವನಿಗೆ ಇರಲಿಲ್ಲ. ಮೆಸೋಥೆಲಿಯೋಮಾ ಬಂದ ನಿವೃತ್ತ ಸೈನಿಕರಿಗೆ 1,40,000 ಪೌಂಡ್ ಇಡಿಗಂಟು ಕೊಡುವುದಾಗಿ ಸರ್ಕಾರ ಹೇಳಿದ್ದು 2015ರ ಡಿಸೆಂಬರ್‌ನಲ್ಲಿ. ಇಷ್ಟು ತಡ ಮಾಡಿದ್ದಕ್ಕೆ ಒಳ್ಳೆಯ ಕಾರಣ ನಮಗಂತೂ ಕಾಣುವುದಿಲ್ಲ.

ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. ಮೈಸೂರಿನ ಹೆಸರು ಹೊತ್ತಿದ್ದ ಹಳೆಯ ಐಎನ್‌ಎಸ್ ಮೈಸೂರು ಬ್ರಿಟನ್ನಿನಿಂದ ಕೊಂಡ ಹಬೆಯ ಹಡಗು. ಎರಡನೇ ಮಹಾಯುದ್ಧದಲ್ಲಿ ಅದು ಎಚ್‌ಎಂಎಸ್ ನೈಜೀರಿಯಾ ಆಗಿತ್ತು. 1957ರಿಂದ 1985ರವರೆಗೆ ನಮ್ಮ ನೌಕಾಪಡೆಯಲ್ಲಿತ್ತು. ಮೊದಲ ಐಎನ್‌ಎಸ್ ವಿಕ್ರಾಂತ್ ಕೂಡ ಬ್ರಿಟನ್ನಿನಲ್ಲೇ ತಯಾರಾದದ್ದು. ಆ ಕಾಲದ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಹಬೆಯ ಕೊಳವೆಗೆ ಕಲ್ನಾರು ಸುತ್ತುವುದು ಮಾಮೂಲಿ ಪದ್ಧತಿ. 1980ರ ಸುಮಾರಿಗೆ ಇಂಥ ಹಡಗುಗಳ ಎಂಜಿನ್ ರೂಮಿನಲ್ಲಿದ್ದ ಹುಡುಗರಿಗೆ ಈಗ ಅರವತ್ತು ದಾಟಿದೆ. ಮೇಲೆ ಹೇಳಿದ 20ರಿಂದ 50 ವರ್ಷಗಳ ಲೆಕ್ಕದೊಳಗೇ ಅವರು ಇದ್ದಾರೆ.

ಹಡಗು ಒಡೆಯುವವರಿಗೂ ಇದೇ ಧೂಳು. ಫ್ರಾನ್ಸ್‌ನ ಯುದ್ಧವಿಮಾನ ಹೊರುವ ಹಡಗು ಕ್ಲೆಮಾನ್ಸೋ ಗುಜರಾತಿನ ಅಲಂಗ್‌ಗೆ ಹೊರಟಾಗ ಅದರಲ್ಲಿ ಉಳಿದ ಕಲ್ನಾರು ಸುಮಾರು 45 ಟನ್ ಎಂದು ಅಲ್ಲಿನ ಸರ್ಕಾರ ಹೇಳಿತು, ಮೊದಲು ಸ್ವಲ್ಪ ಭಾಗ ತೆಗೆದಿದ್ದ ಕಂಪನಿ 500 ಟನ್‌ಗೂ ಹೆಚ್ಚು ಎಂದಿತು. ವಿವಾದ ನಮ್ಮ ಸುಪ್ರೀಂ ಕೋರ್ಟ್‌ಗೂ ಬಂತು. 2006ರ ಫೆಬ್ರವರಿಯಲ್ಲಿ ಫ್ರಾನ್ಸ್ ಹಡಗನ್ನು ವಾಪಸ್ ಕರೆಸಿಕೊಂಡಿತು.

ಧೂಳಿನಲ್ಲಿ ಕೆಲಸ ಮಾಡುವವರು ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಬೆಲ್ಲ ಹೋಗುವುದು ಹೊಟ್ಟೆಗೆ, ಎಳೆ ಇರುವುದು ಶ್ವಾಸಕೋಶದಲ್ಲಿ. ಒಳಗೆ ನೆಟ್ಟ ಎಳೆಯನ್ನು ಹೊರತೆಗೆಯುವ ಕಷಾಯ, ಮಾತ್ರೆ ಯಾವುದೂ ಇಲ್ಲ. ಮೂಗಿಗೆ ಕರ್ಚೀಫ್ ಕಟ್ಟಿದರೆ ಎಳೆ ನಿಲ್ಲುವುದೂ ಇಲ್ಲ. ಹಾಗೆಂದು ಮನೆಯ ಮಾಡಿನ ಶೀಟ್ ನೋಡಿ ಹೆದರಬೇಕಿಲ್ಲ. ಅದರಲ್ಲಿ ಎಳೆ ಸಿಮೆಂಟಿನೊಳಗೆ ಹಿಡಿದಿರುತ್ತದೆ. ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ ಎಚ್ಚರ ಬೇಕು.

ಫಲ ಕೊಡುವ ಕೆಲಸ ಒಂದಿದೆ: ಬೀಡಿ, ಸಿಗರೇಟು ಬಿಡುವುದು. ಅಮೆರಿಕದ ಕಲ್ನಾರು ಕೆಲಸಗಾರರ ಮೇಲಿನ 1979ರ ಪ್ರಸಿದ್ಧ ಅಧ್ಯಯನದಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಂಭವ ಕಲ್ನಾರು ಮಾತ್ರ ಇದ್ದವರಿಗೆ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಇದ್ದವರಿಗೆ 11 ಪಟ್ಟು, ಎರಡೂ ಇದ್ದವರಿಗೆ 50 ಪಟ್ಟಿಗೂ ಹೆಚ್ಚು.

ಇನ್ನೊಂದು ವಿಷಯ ವೈದ್ಯರ ಕೋಣೆಯದು. ನಮ್ಮಲ್ಲಿ ಎದೆಯಲ್ಲಿ ನೀರು ತುಂಬಿದರೆ ಮೊದಲು ನೆನಪಾಗುವುದು ಟಿಬಿ. ಮೆಸೋಥೆಲಿಯೋಮಾದಲ್ಲೂ ಹಾಗೆಯೇ ನೀರು ತುಂಬುತ್ತದೆ. ರೋಗಿ 40 ವರ್ಷದ ಹಿಂದೆ ಹಡಗಿನ ಬಾಯ್ಲರ್ ರೂಮಿನಲ್ಲಿದ್ದ ಎಂದು ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದು ಕಷ್ಟ. ನಿಮ್ಮ ಮನೆಯಲ್ಲಿ ನೌಕಾಪಡೆಯಿಂದ ನಿವೃತ್ತರಾದ ತಂದೆಯೋ ಮಾವನೋ ಇದ್ದರೆ, ಯಾವ ಹಡಗು, ಯಾವ ವರ್ಷ, ಯಾವ ವಿಭಾಗ ಎಂದು ಅವರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ಫೈಲಿನಲ್ಲಿ ಇಡಿ.