ಹೆಳವನಿಗೆ ಸುಳ್ಳು ವ್ಯುತ್ಪತ್ತಿ ಬೇಡ

"ಹೆಳವ ಎಂದರೆ ಹೇಳುವವ. ಮನೆತನದ ಕತೆ ಹೇಳುತ್ತಾನೆ, ಅದಕ್ಕೇ ಆ ಹೆಸರು." ಕೊಲ್ಹಾಪುರ, ಇಚಲಕರಂಜಿ ಕಡೆ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮರಾಠಿ ಮಂದಿ ಹೇಳಿದರೆ ಸರಿ, ನಮ್ಮ ಕನ್ನಡ ಶಾಲೆಯ ಮಾಸ್ತರರೂ ಮಕ್ಕಳಿಗೆ ಇದನ್ನೇ ಬರೆಸುವುದೇ?

ಮೊದಲು ಅಕ್ಷರ ನೋಡೋಣ. 'ಹೇಳು' ದೀರ್ಘ, 'ಹೆಳವ' ಹ್ರಸ್ವ. 'ಬೆರೆ' ಬೇರೆ, 'ಬೇರೆ' ಬೇರೆ ಎಂದು ಎರಡನೆಯತ್ತೆಯ ಮಕ್ಕಳಿಗೂ ಗೊತ್ತು. ಹಳಗನ್ನಡದ 'ಪೇೞ್' ಕೂಡ ದೀರ್ಘವೇ. ನಮ್ಮ ಆಡುಮಾತಿನಲ್ಲಿ 'ಹೇಳುವವ' ಎಂಬುದು 'ಹೇಳಾಂವ' ಆಗುತ್ತದೆಯೇ ಹೊರತು 'ಹೆಳವ' ಆಗುವುದಿಲ್ಲ. ಗೊಂದಲ ಹುಟ್ಟುವುದು ಮರಾಠಿ ಬರಹದಲ್ಲಿ. ಅಲ್ಲಿ ಹ್ರಸ್ವ 'ಎ'ಗೆ ಬೇರೆ ಅಕ್ಷರವಿಲ್ಲ. ಹಾಗಾಗಿ 'ಹೆಳವಿ' ಎಂದು ಬರೆದರೂ 'ಹೇಳು' ಎಂದು ಬರೆದರೂ ಮೊದಲ ಅಕ್ಷರ ಒಂದೇ. ಎರಡಕ್ಕೂ ಬೇರೆ ಅಕ್ಷರ ಇರುವ ನಾವು ಈ ತಪ್ಪನ್ನು ಕಡ ತರುವುದು ಯಾಕೆ?

ಹೆಳವ ಎಂದರೆ ಕಾಲಿಲ್ಲದವ, ಕುಂಟ. 1894ರ ಕಿಟ್ಟೆಲ್ ನಿಘಂಟಿನಲ್ಲಿ ಇದೇ ಅರ್ಥವಿದೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಒಂದು ವಚನದಲ್ಲಿ, ಕಾಲು ಕಂಡಲ್ಲಿ ಅಲೆಯದಿರಲೆಂದು ತಮ್ಮನ್ನು ಹೆಳವನಾಗಿಸು ಎಂದು ಕೂಡಲಸಂಗನನ್ನು ಬೇಡುತ್ತಾರೆ. ಅಲ್ಲಿ 'ಹೇಳುವವ' ಎಂದು ಅರ್ಥ ಮಾಡಿದರೆ ವಚನವೇ ಕೆಡುತ್ತದೆ. ನಾವು ಹುಟ್ಟಿಸಿದ ಅರ್ಥವನ್ನು ನಂಬಿದ ಹುಡುಗ ನಾಳೆ ಆ ವಚನ ಓದಿ ಏನು ತಿಳಿಯಬೇಕು?

ಕತೆ ಹೇಳುವವರಿಗೆ ಈ ಹೆಸರು ಹೇಗೆ ಬಂತು? ಅವರ ಮೂಲಪುರುಷ ಕಾಲಿಲ್ಲದವನು, ಎತ್ತಿನ ಮೇಲೆ ಕುಳಿತು ಊರೂರು ತಿರುಗಿದ ಎಂಬ ಕತೆ ಜನರ ಬಾಯಲ್ಲಿದೆ. ನಡೆಯಲಾರದವನ ಹೆಸರು ಎಲ್ಲರಿಗಿಂತ ಹೆಚ್ಚು ತಿರುಗುವವರಿಗೆ ಬಂದಿದೆ. ಇಷ್ಟು ಸೊಗಸಾದ ಶಬ್ದಚರಿತ್ರೆಯನ್ನು ಅಳಿಸಿ ಸುಳ್ಳು ಕೂಡಿಸಬೇಕೆ?

"ಕುಂಟ ಎಂದರೆ ಆ ಸಮಾಜಕ್ಕೆ ಅವಮಾನ, ಹೇಳುವವ ಎಂದರೆ ಗೌರವ" ಎನ್ನುವವರಿದ್ದಾರೆ. ಕಾಳಜಿ ಒಳ್ಳೆಯದೇ. ಯಾವ ಮಗುವನ್ನೂ ಹೆಳವ ಎಂದು ಹೀಯಾಳಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಮಾಜದ ಹೆಸರು ಆ ಸಮಾಜದ್ದು. ಇಟ್ಟುಕೊಳ್ಳುವುದೋ ಬಿಡುವುದೋ ಅವರೇ ತೀರ್ಮಾನಿಸಲಿ. ಗೌರವ ಕೊಡುವ ಮನಸ್ಸಿದ್ದರೆ ಅವರನ್ನು ಭಿಕ್ಷುಕರ ಪಟ್ಟಿಗೆ ಸೇರಿಸುವುದನ್ನು ಮೊದಲು ಬಿಡೋಣ. ಹೆಳವ ಬಂದು ನಿಮ್ಮ ತಲೆಮಾರು ಓದುತ್ತಾನೆ, ಮನೆತನ ಯಾವ ಊರಿಂದ ಬಂತು, ಯಾವ ಕವಲು ಎಲ್ಲಿ ಹೋಯಿತು ಎಂದು ಹೇಳುತ್ತಾನೆ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಳ್ಳುತ್ತಾನೆ. ಕಾಳು, ಬಟ್ಟೆ, ರೊಕ್ಕ ಪಡೆಯುತ್ತಾನೆ. ಅದು ದುಡಿಮೆಯ ಕೂಲಿ. ಕಚೇರಿಯಲ್ಲಿ ಉತಾರೆಗೆ ಫೀ ಕಟ್ಟಿದರೆ ಅದನ್ನು ಭಿಕ್ಷೆ ಎನ್ನುತ್ತೇವೆಯೇ?

ಗಡಿಭಾಗದ ನಮಗೆ ಇದು ಬರೀ ವ್ಯಾಕರಣದ ಜಗಳವಲ್ಲ. ಗಡಹಿಂಗ್ಲಜದ ಮನೆತನದ ಕವಲು ಸಂಕೇಶ್ವರ, ಹುಕ್ಕೇರಿಯಲ್ಲಿದ್ದರೆ ಹೆಳವನ ಹೊತ್ತಿಗೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. 1956ರ ನವೆಂಬರ್ 1ರಂದು ಬಿದ್ದ ಗೆರೆ ಆ ಹೊತ್ತಿಗೆಯ ನಡುವೆ ಹಾಯ್ದಿಲ್ಲ. "ನಿಮ್ಮ ಕನ್ನಡ ಹೊರಗಿನದು" ಎಂಬ ಮಾತು ಕೇಳುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು? ಮರಾಠಿ ಮನೆಗಳಲ್ಲೂ ಅವನನ್ನು ಕರೆಯುವುದು ಈ ಕನ್ನಡ ಶಬ್ದದಿಂದಲೇ. ನಿಜವೇ ಇಷ್ಟು ಗಟ್ಟಿಯಿರುವಾಗ ಸುಳ್ಳಿನ ಊರುಗೋಲು ಯಾಕೆ?

ಗುರುಬಂಧುಗಳೇ, ಹಲಗೆಯ ಮೇಲೆ ಎರಡು ಸಾಲು ಬರೆಯಿರಿ. ಹೆಳವ: ಒಂದು, ಕಾಲಿಲ್ಲದವ. ಎರಡು, ಮನೆತನಗಳ ವಂಶಾವಳಿ ಹೇಳುವ ಸಮಾಜದವ. ಈ ಸುಗ್ಗಿಯ ನಂತರ ಹೆಳವ ಊರಿಗೆ ಬಂದರೆ ಶಾಲೆಗೂ ಕರೆಯಿರಿ. ಒಂದು ತಾಸು ಅವನೇ ಮಾಸ್ತರನಾಗಲಿ. ಅವನ ಕೂಲಿ ಕೊಡುವುದನ್ನು ಮಾತ್ರ ಮರೆಯಬೇಡಿ.