ಮಳೆ ಕೈಕೊಟ್ಟಿತು, ಆಡಳಿತ ಕೊಂದಿತು
1876–78ರ ಧಾತು, ಈಶ್ವರ ಸಂವತ್ಸರಗಳ ಬರಕ್ಕೆ ಮಳೆ ಕೈಕೊಟ್ಟಿದ್ದೇ ಕಾರಣವೆಂದು ಈಗಲೂ ವಾದಿಸುವವರಿದ್ದಾರೆ. ಮಳೆ ಕೈಕೊಟ್ಟಿದ್ದು ನಿಜ. ಅಷ್ಟೊಂದು ಜನರ ಸಾವಿಗೆ ಮಾತ್ರ ವಸಾಹತು ಆಡಳಿತದ ನೀತಿಯೇ ಹೊಣೆ. ಆಗ ಮೈಸೂರು ಸಂಸ್ಥಾನವೂ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 1881ರ ಜನಗಣತಿಯ ಹೊತ್ತಿಗೆ 42 ಲಕ್ಷಕ್ಕೆ ಇಳಿದಿತ್ತು. ಜನ ಸಾಯುತ್ತಿದ್ದಾಗಲೂ ಭಾರತದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮುಕ್ತ ವ್ಯಾಪಾರದ ಹೆಸರಿನಲ್ಲಿ ಧಾನ್ಯದ ಬೆಲೆಗೆ ಸರ್ಕಾರ ಕಡಿವಾಣ ಹಾಕಲಿಲ್ಲ. 1877ರಲ್ಲಿ ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿಯಾಗಿ ಮದರಾಸು ಪ್ರಾಂತ್ಯಕ್ಕೆ ಬಂದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಮೈಮುರಿದು ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದರು.

ರೈಲು ಧಾನ್ಯ ತಂದು ಜೀವ ಉಳಿಸಲಿಲ್ಲವೇ ಎಂಬ ಪ್ರಶ್ನೆ ಸಹಜ. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಬರದ ಕಾಲದಲ್ಲಿ ಅದರಲ್ಲಿ ಧಾನ್ಯವೂ ಬಂತು. ಆದರೆ ಬೆಳೆಯ ಜೊತೆ ಕೂಲಿಯನ್ನೂ ಕಳೆದುಕೊಂಡವರ ಬಳಿ ಅದನ್ನು ಕೊಳ್ಳುವ ದುಡ್ಡಿರಲಿಲ್ಲ. ಬರವೆಂದರೆ ಅನ್ನದ ಕೊರತೆಗಿಂತ ಹೆಚ್ಚಾಗಿ ಕೆಲಸದ ಕೊರತೆ ಎಂಬುದನ್ನು 1880ರ ಕ್ಷಾಮ ಆಯೋಗವೇ ಒಪ್ಪಿಕೊಂಡಿತು. ರೈಲುಹಳಿಗಳನ್ನು ಬ್ರಿಟಿಷರ ಉಪಕಾರವೆಂದು ಎಣಿಸುವವರು, ಜನಗಣತಿಯಿಂದ ಕಾಣೆಯಾದ ಆ 8 ಲಕ್ಷ ಜನರನ್ನೂ ಎಣಿಸಬೇಕು.