ಕಥೆಯ ಮೊನೆ ಮುರಿಯದಿರಲಿ

ಜನಪದ ಕಥೆಗಳಿಗೆ ಈಗ ಸುಗ್ಗಿ. ಮೊಬೈಲ್‌ ಪರದೆಯಲ್ಲಿ, ಬೇಸಿಗೆ ಶಿಬಿರದಲ್ಲಿ, ಶಾಲಾ ವೇದಿಕೆಯಲ್ಲಿ ಕಥೆ ಹೇಳುವವರಿದ್ದಾರೆ, ಕೇಳುವವರಿಗೂ ಬರವಿಲ್ಲ. 2022ರಲ್ಲಿ ‘ಕಾಂತಾರ’ ತೆರೆಕಂಡ ಮೇಲಂತೂ ತುಳುನಾಡಿನ ದೈವಗಳ ಕಥೆಗೆ ಘಟ್ಟದ ಮೇಲೂ ಕುತೂಹಲ ಹೆಚ್ಚಿದೆ. ಸಂತೋಷದ ಸಂಗತಿಯೇ. ಆದರೆ ಹೇಳುವ ಭರದಲ್ಲಿ ಕಥೆಯಿಂದ ಏನು ಉದುರಿಹೋಗುತ್ತಿದೆ ಎಂಬುದನ್ನೂ ನೋಡಬೇಕಲ್ಲವೇ?

ಕೊರಗಜ್ಜನ ಕಥೆಯನ್ನೇ ತೆಗೆದುಕೊಳ್ಳಿ. ಎರಡು ಮೂರು ನಿಮಿಷದ ವಿಡಿಯೊಗಳಲ್ಲಿ ಅಜ್ಜ ಎಂದರೆ ಕಳೆದುಹೋದ ವಸ್ತು ಹುಡುಕಿಕೊಡುವ, ಚಕ್ಕುಲಿ–ಬೀಡದ ಹರಕೆಗೆ ಒಲಿಯುವ ಕಾರಣಿಕದ ದೈವ. ತುಳುವಿನ ಕಥನಗೀತೆಯಾದ ಪಾಡ್ದನ ಹೇಳುವುದು ಅಷ್ಟನ್ನೇ ಅಲ್ಲ. ಪಾಠಾಂತರಗಳು ಹಲವಿದ್ದರೂ ಕಥೆಯ ಎಲುಬು ಹೀಗಿದೆ: ಕೊರಗ ಸಮುದಾಯದ ತಬ್ಬಲಿ ಹುಡುಗ ತನಿಯನನ್ನು ಬೈದೆತಿಯೊಬ್ಬಳು, ಅಂದರೆ ಬಿಲ್ಲವರ ಹೆಂಗಸೊಬ್ಬಳು, ಮಗನಂತೆ ಸಾಕುತ್ತಾಳೆ. ಏಳಾಳು ಹೊರುವಷ್ಟು ಹೊರೆಕಾಣಿಕೆಯನ್ನು ಅವನೊಬ್ಬನೇ ಹೊತ್ತು ದೇವಸ್ಥಾನಕ್ಕೆ ತರುತ್ತಾನೆ. ಹೊರೆ ಒಳಗೆ ಹೋಗುತ್ತದೆ, ಹೊತ್ತವನು ಹೊರಗೇ ನಿಲ್ಲಬೇಕಾಗುತ್ತದೆ. ತಂದದ್ದು ಆಗುತ್ತದೆ, ತಂದವನು ಏಕೆ ಆಗುವುದಿಲ್ಲ ಎಂಬುದು ಈ ಕಥೆಯ ಪ್ರಶ್ನೆ. ಮಾದಳದ ಹಣ್ಣಿಗೆ ಕೈ ಚಾಚಿದ ತನಿಯ ಮಾಯವಾಗಿ ಕೊರಗಜ್ಜನೆಂಬ ದೈವವಾಗುವುದು ಅದಾದ ಮೇಲೆ. ಪ್ರಶ್ನೆಯನ್ನು ಬಿಟ್ಟು ಮಾಯವಾದದ್ದನ್ನು ಮಾತ್ರ ಹೇಳಿದರೆ ಪವಾಡ ಉಳಿಯುತ್ತದೆ, ತನಿಯ ಉಳಿಯುವುದಿಲ್ಲ.

ಇದು ಎಂದೋ ಮುಗಿದ ಕಾಲದ ಮಾತಲ್ಲ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ರಾಜ್ಯದಲ್ಲಿ 2000ದಲ್ಲಿ ಕಾನೂನೇ ಬರಬೇಕಾಯಿತು. ದೈವವಾದ ಕೊರಗನಿಗೆ ಕೈಮುಗಿದು, ಊರಿನ ಕೊರಗನನ್ನು ಅಂಗಳದಾಚೆ ನಿಲ್ಲಿಸಿದ ಸಮಾಜಕ್ಕೆ ಬರೀ ಪವಾಡದ ಕಥೆ ಹಿತವಾಗಿಯೇ ಇರುತ್ತದೆ.

ತುಳುನಾಡಿನ ಮತ್ತೊಂದು ಪಾಡ್ದನದ ನಾಯಕಿ ಸಿರಿಯ ಕಥೆಗೂ ಇದೇ ಅಪಾಯವಿದೆ. ಗಂಡ ಕಾಂತು ಪೂಂಜ ತನಗೆಂದು ತಂದ ಬಸುರಿನ ಬಯಕೆ ಸೀರೆ ಮೊದಲು ಸೂಳೆಯ ಮೈಮೇಲಿತ್ತು ಎಂದು ತಿಳಿದಾಗ ಸಿರಿ ಅದನ್ನು ಮುಟ್ಟುವುದಿಲ್ಲ. ಮುಂದೆ ಅವನಿಂದ ಬರ, ಅಂದರೆ ವಿಚ್ಛೇದನ ಪಡೆದು ಹೊರನಡೆಯುತ್ತಾಳೆ. ಮತ್ತೊಂದು ಮದುವೆಯನ್ನೂ ಆಗುತ್ತಾಳೆ. ಈ ಭಾಗಗಳನ್ನು ಮೆತ್ತಗೆ ದಾಟಿಸಿ ಆಕೆಯನ್ನು ‘ಸಹನಾಮೂರ್ತಿ’ಯಾಗಿಸುವುದು ಸುಲಭ. ಆದರೆ ಸಿರಿ ಜಾತ್ರೆಗಳಲ್ಲಿ ತಮ್ಮ ಮನೆಯ ಸಂಕಟವನ್ನು ಆವೇಶದಲ್ಲಿ ಹೊರಹಾಕುವ ಹೆಂಗಸರಿಗೆ ಆಸರೆಯಾದದ್ದು ಆ ಸಹನಾಮೂರ್ತಿಯಲ್ಲ, ಸೀರೆಯನ್ನು ನಿರಾಕರಿಸಿದ ಸಿರಿ.

‘ಬಾಯಿಂದ ಬಾಯಿಗೆ ಬಂದ ಕಥೆ ಬದಲಾಗುತ್ತಲೇ ಬಂದಿದೆ, ನಾವೂ ಬದಲಾಯಿಸಿದರೆ ತಪ್ಪೇನು?’ ಎಂಬ ವಾದವಿದೆ. ಬದಲಾವಣೆ ನಿಜ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಂದಿಗೆ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಾಯಿತು. ಗದ್ದೆಯಲ್ಲಿ ಹಾಡುವಾಗ, ಜಾತ್ರೆಯಲ್ಲಿ ಆವೇಶಗೊಂಡ ‘ಸಿರಿ’ಗಳನ್ನು ಮಾತಾಡಿಸುವಾಗ ಅದೇ ಕಥೆಯ ಅಳತೆ, ರೀತಿ ಬೇರೆ. ಆದರೆ ನೇಜಿ ನೆಡುವ ಗದ್ದೆಯಲ್ಲಿ ಒಬ್ಬಳು ಪಾಡ್ದನ ಎತ್ತಿದರೆ ಉಳಿದವರು ದನಿಗೂಡಿಸುತ್ತಾರೆ. ಅವರಿಗೂ ಕಥೆ ಗೊತ್ತು. ಹೇಳುವವಳು ಕಥೆ ಬಲ್ಲವರ ಎದುರಿಗೇ ಅದನ್ನು ಬದಲಾಯಿಸುತ್ತಾಳೆ, ಅವರಿಗೆ ಉತ್ತರದಾಯಿಯೂ ಆಗಿರುತ್ತಾಳೆ. ಕ್ಯಾಮೆರಾದ ಮುಂದೆ ಕೂತವರಿಗೆ ಆ ಹಂಗಿಲ್ಲ. ಆದ್ದರಿಂದ ಅವರ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಎಚ್ಚರ ಎಂದರೆ ಅಂಜಿಕೆಯೂ ಅಲ್ಲ. ‘ಭಾವನೆಗೆ ಧಕ್ಕೆ’ ಎಂದು ಎದ್ದು ನಿಲ್ಲುವವರು ಎಷ್ಟೋ ಸಲ ಆ ಕಥೆಯನ್ನು ತಲೆಮಾರುಗಳಿಂದ ಹಾಡಿ ಉಳಿಸಿದವರಲ್ಲ. ಅವರಿಗೆ ಹೆದರಿ ಕಥೆಯ ಮೊನೆ ಮುರಿಯುವುದು, ವೀಕ್ಷಣೆ ಹೆಚ್ಚಲೆಂದು ಮುರಿಯುವುದು, ಎರಡೂ ಒಂದೇ. ಇನ್ನು ಮಕ್ಕಳಿಗೆ ಇದೆಲ್ಲ ಬೇಕೇ ಎನ್ನುವವರಿಗೆ ಒಂದು ಮಾತು: ಅಜಲಿನ ವಿವರವನ್ನು ಆರು ವರ್ಷದ ಮಗುವಿಗೆ ಹೇಳಬೇಕಾಗಿಲ್ಲ. ಆದರೆ ಹೊರೆ ಹೊತ್ತವನನ್ನು ಹೊರಗೆ ನಿಲ್ಲಿಸಿದರು ಎಂಬುದು ಅದಕ್ಕೂ ಅರ್ಥವಾಗುತ್ತದೆ; ಅದು ನ್ಯಾಯವಲ್ಲ ಎಂಬುದೂ.

ಕಥೆ ಹೇಳುವವರು ಮಾಡಬೇಕಾದದ್ದು ದೊಡ್ಡದೇನಲ್ಲ. ಇದು ಯಾರ ಬಾಯಿಂದ ಬಂದ ಪಾಠ, ಯಾವ ಊರಿನದು ಎಂದು ಮೊದಲೇ ಹೇಳಲಿ. ಬೇರೆ ಪಾಠಗಳೂ ಇವೆ ಎಂದು ಒಪ್ಪಿಕೊಳ್ಳಲಿ. ಕಥೆಯಿಂದ ದುಡ್ಡು ಬಂದರೆ ಹಾಡಿಕೊಟ್ಟವರಿಗೂ ಪಾಲು ಸಲ್ಲಲಿ. ಆರಾಧನೆಯ ಹೊತ್ತಿಗಷ್ಟೇ ಹೇಳುವ ಭಾಗವಿದ್ದರೆ ಆ ಸಮುದಾಯವನ್ನು ಕೇಳದೆ ವೇದಿಕೆಗೆ ತರದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅನ್ಯಾಯಕ್ಕೆ ಒಳಗಾದವರು ಕಥೆಯಲ್ಲಿ ಇಟ್ಟುಹೋದ ದೂರನ್ನು ನುಂಗದಿರಲಿ. ದೂರು ಕೊಡಲು ಅವರಿಗೆ ಬೇರೆ ಕಚೇರಿ ಇರಲಿಲ್ಲ.